ಸಿನಿಮಾ ಜೋಡಿಸಿದ ಡೊರೊತಿ

ಸಿನಿಮಾ ನಾವೆಲ್ಲ ನೋಡ್ತೇವೆ. ಅದನ್ನು ತುಂಡು ತುಂಡಾಗಿ ತೆಗೀತಾರೆ. ಆಮೇಲೆ ಬೇಡದ್ದು ಕತ್ತರಿಸಿ, ಬೇಕಾದ್ದು ಜೋಡಿಸ್ತಾರೆ. ನಾವು ಹಳೆ ಸೀರೆ ತುಂಡು ಸೇರಿಸಿ ಕೌದಿ ಹೊಲಿಯುವುದಿಲ್ಲವೇ, ಹಾಗೆ. ಇದಕ್ಕೆ ಸಂಕಲನ ಅಂತಾರೆ.

ಅಮೆರಿಕದ ಡೊರೊತಿ ಆರ್ಜ್ನರ್ ಈ ಕೆಲಸ ಮಾಡುತ್ತಿದ್ದರು. 1919ರಲ್ಲಿ ಸಿನಿಮಾ ಕಂಪನಿಗೆ ಸೇರಿದ್ದು ಟೈಪ್ ಮಾಡಲಿಕ್ಕೆ. ಸಂಕಲನ ಅಲ್ಲೇ ಕಲಿತರು. 1922ರ ಒಂದು ಚಿತ್ರಕ್ಕೆ ಗೂಳಿ ಕಾಳಗ ಬೇಕಿತ್ತು. ಡೊರೊತಿ ನಿಜವಾದ ಕಾಳಗದ ಹಳೆ ಫಿಲ್ಮು ತಂದರು. ನಟನ ಮುಖದ ತುಂಡುಗಳ ನಡುವೆ ಅದನ್ನು ಸೇರಿಸಿದರು. ನಟನೇ ಗೂಳಿ ಎದುರು ನಿಂತ ಹಾಗೆ ಕಂಡಿತು! ಕಂಪನಿಗೆ ಹಣವೂ ಉಳಿಯಿತು.

ಆದರೆ ಅವರಿಗೆ ತಾನೇ ಸಿನಿಮಾ ನಿರ್ದೇಶನ ಮಾಡುವ ಆಸೆ. ಅವಕಾಶ ಕೊಡದಿದ್ದರೆ ಬೇರೆ ಕಂಪನಿಗೆ ಹೋಗ್ತೇನೆ ಅಂತ ಹೇಳಿಯೇಬಿಟ್ಟರು. ಆಗ ಕೊಟ್ಟರು. ಸುಮ್ಮನಿದ್ದರೆ ಯಾರು ಕೊಡ್ತಿದ್ದರು? 1927ರಲ್ಲಿ ಅವರ ಮೊದಲ ಚಿತ್ರ ಬಂತು.

ಆಮೇಲೆ ಸಿನಿಮಾಕ್ಕೆ ಮಾತು ಬಂತು. ಮೈಕು ಒಂದೇ ಕಡೆ ಇರುತ್ತಿತ್ತು. ನಟಿ ಅತ್ತಿತ್ತ ಹೋದರೆ ಮಾತು ಕೇಳಿಸದು. 1929ರಲ್ಲಿ ಡೊರೊತಿ ಮೀನು ಹಿಡಿಯುವ ಗಾಳದ ಕೋಲಿಗೆ ಮೈಕು ಕಟ್ಟಿಸಿದರು. ನಟಿ ನಡೆದಲ್ಲೆಲ್ಲ ಮೈಕೂ ಹೋಯಿತು!

1943ರವರೆಗೆ ಅವರು ಚಿತ್ರ ಮಾಡಿದರು. ಮುಂದೆ ಲಾಸ್ ಏಂಜಲೀಸ್ ಊರಿನ ವಿಶ್ವವಿದ್ಯಾಲಯದಲ್ಲಿ ಹುಡುಗ ಹುಡುಗಿಯರಿಗೆ ಸಿನಿಮಾ ಮಾಡುವುದನ್ನು ಕಲಿಸಿದರು.