ಗಣಕಯಂತ್ರದ ಬಳಕೆ ಮತ್ತು ಕಣ್ಣಿನ ಶುಷ್ಕತೆ

ಗಣಕಯಂತ್ರದ ಪರದೆಯನ್ನು ಬಹುಹೊತ್ತು ದಿಟ್ಟಿಸುವುದರಿಂದ ಉಂಟಾಗುವ ಕಣ್ಣುರಿ, ಮಸುಕು, ತಲೆನೋವುಗಳನ್ನು ಒಟ್ಟಾಗಿ ಕಂಪ್ಯೂಟರ್ ವಿಷನ್ ಸಿಂಡ್ರೋಮ್ ಎನ್ನುತ್ತಾರೆ. ಸಾಮಾನ್ಯವಾಗಿ ಮನುಷ್ಯನು ನಿಮಿಷಕ್ಕೆ 15ರಿಂದ 20 ಬಾರಿ ರೆಪ್ಪೆ ಬಡಿಯುತ್ತಾನೆ. ಪರದೆಯ ಮುಂದೆ ಇದು ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಕಣ್ಣೀರಿನ ತೆಳುಪದರವನ್ನು ಹರಡುವುದು ರೆಪ್ಪೆಯೇ ಆದ್ದರಿಂದ ಆ ಪದರವು ಒಡೆದು ಆರಿಹೋಗುತ್ತದೆ. ಕಣ್ಣಿನಿಂದ ನೀರು ಸುರಿಯುವುದೂ ಹಲವೊಮ್ಮೆ ಶುಷ್ಕತೆಯ ಲಕ್ಷಣವೇ ಎಂಬುದು ವಿಚಿತ್ರವಾದರೂ ನಿಜ.

ಬೆಳಗಾವಿ ಜಿಲ್ಲೆಯ ರಾಮದುರ್ಗದಂತಹ ಬಯಲುಸೀಮೆಯ ಊರುಗಳಲ್ಲಿ ಬೇಸಿಗೆಯ ಒಣಹವೆ ಈ ತೊಂದರೆಯನ್ನು ಹೆಚ್ಚಿಸುತ್ತದೆ. ಸೆಕೆ ತಾಳದೆ ಟೇಬಲ್ ಫ್ಯಾನನ್ನು ಮುಖಕ್ಕೇ ತಿರುಗಿಸಿಕೊಂಡು ಕೂರುವುದು ಸಹಜ. ಆದರೆ ಆ ಗಾಳಿಯೇ ಕಣ್ಣೀರನ್ನು ಬೇಗನೆ ಆರಿಸುತ್ತದೆ. ಫ್ಯಾನನ್ನು ಬೆನ್ನ ಕಡೆಗೆ ಇರಿಸಿಕೊಳ್ಳುವುದು ಖರ್ಚಿಲ್ಲದ ಉಪಾಯ.

ಪರದೆಯು 50ರಿಂದ 70 ಸೆಂ.ಮೀ. ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಬೇಕು. ದೃಷ್ಟಿ ಕೆಳಗಿದ್ದರೆ ರೆಪ್ಪೆಯು ಕಣ್ಣನ್ನು ಹೆಚ್ಚು ಮುಚ್ಚಿರುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುತ್ತ ರೆಪ್ಪೆಯನ್ನು ಪೂರ್ತಿಯಾಗಿ ಮುಚ್ಚಿ ತೆರೆಯಬೇಕು. ನೀಲಿ ಬೆಳಕು ತಡೆಯುವ ಕನ್ನಡಕಗಳಿಗೆ ಪ್ರಚಾರ ಬಹಳ. ಆದರೆ ಅವುಗಳಿಂದ ಕಣ್ಣಿನ ಆಯಾಸ ಇಳಿಯುವುದಕ್ಕೆ 2023ರ ಕಾಕ್ರೇನ್ ಸಮೀಕ್ಷೆಯಲ್ಲಿ ಸರಿಯಾದ ಆಧಾರ ದೊರೆಯಲಿಲ್ಲ.

ಉರಿ ಶಮನವಾಗದಿದ್ದರೆ ಔಷಧದ ಅಂಗಡಿಯಿಂದ ತಾವೇ ಹನಿಗಳನ್ನು ತಂದು ಹಾಕಿಕೊಳ್ಳದೆ ನೇತ್ರವೈದ್ಯರನ್ನು ಕಾಣಬೇಕು. ಸ್ಟೀರಾಯ್ಡ್ ಬೆರೆತ ಹನಿಗಳನ್ನು ದೀರ್ಘಕಾಲ ಬಳಸಿದರೆ ಕಣ್ಣಿನ ಪೊರೆ ಬರಬಹುದು. ಗ್ಲಾಕೋಮಾದಿಂದ ದೃಷ್ಟಿಯೇ ಶಾಶ್ವತವಾಗಿ ನಷ್ಟವಾಗಬಹುದು.