ಸಾಲೋಟಗಿಯ ಶಾಲಾಶಾಸನವೂ ಇಂದಿನ ದಾನಸಂಗ್ರಹವೂ

ದಾನವನ್ನು ಪಡೆಯುವುದಕ್ಕಿಂತಲೂ ದಾನಿಯ ಆದರವನ್ನು ಉಳಿಸಿಕೊಳ್ಳುವುದು ಕಷ್ಟವೆಂಬುದು ವಿದ್ಯಾಸಂಸ್ಥೆಗಳನ್ನು ನಡೆಯಿಸಿದವರೆಲ್ಲರ ಅನುಭವವಾಗಿದೆ. ಈ ತೊಡಕನ್ನು ಪೂರ್ವಿಕರು ಹೇಗೆ ಬಿಡಿಸಿದರೆಂಬುದಕ್ಕೆ ಹೊರ್ತಿಯನ್ನೊಳಗೊಂಡ ಇಂಡಿಯ ಸೀಮೆಯಲ್ಲಿಯೇ ಒಂದು ಸಾಕ್ಷಿಯುಂಟು. ಅದು ಸಾಲೋಟಗಿಯ ಕಂಬದಲ್ಲಿರುವ, ಶಕ 867ರ, ಎಂದರೆ ಕ್ರಿ. ಶ. 945ರ ಸಂಸ್ಕೃತ ಶಾಸನವು.

ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು, ಆಗ ಪಾವಿಟ್ಟಗೆಯೆನಿಸಿದ್ದ ಆ ಊರಿನಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ 27 ಮನೆಗಳೂ, ಪೋಷಣೆಗೆ 500 ನಿವರ್ತನ ಭೂಮಿಯೂ, ದೀಪಕ್ಕೆ 12 ನಿವರ್ತನವೂ ದತ್ತವಾದುವು. ಇಷ್ಟಕ್ಕೇ ನಿಲ್ಲದೆ, ಊರವರು ಮದುವೆಯಲ್ಲಿ 5 ನಾಣ್ಯಗಳನ್ನೂ, ಉಪನಯನದಲ್ಲಿ ಅದರರ್ಧವನ್ನೂ, ಚೌಲದಲ್ಲಿ ಅದರರ್ಧವನ್ನೂ ಶಾಲೆಗೆ ಕೊಡಬೇಕೆಂದು ಕಟ್ಟಳೆಯಾಯಿತು. ಔತಣ ನಡೆದಾಗ ಶಾಲೆಯವರಿಗೂ ಯಥಾಶಕ್ತಿ ಊಟವಿಕ್ಕಬೇಕಾಗಿದ್ದಿತು.

ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಭೂಮಿಯ ಹುಟ್ಟುವಳಿಯು ಸ್ಥಿರವಾದ ಆದಾಯ. ಮನೆಯ ಶುಭಕಾರ್ಯದ ಕಾಣಿಕೆಯು ಚರವಾದ ಆದಾಯ. ಒಂದೊಂದು ದತ್ತಿಗೂ ಒಂದೊಂದು ಉದ್ದೇಶವು ನಿಯತವಾಗಿದೆ. ಇವೆಲ್ಲವೂ ಊರವರ ಕಣ್ಣೆದುರಿಗೇ ಕಲ್ಲಿನಲ್ಲಿ ನಿಂತಿವೆ. ಆ ಕಾಲದ ಯಂತ್ರವೆಂದರೆ ಶಿಲೆಯೇ. ಲೆಕ್ಕದ ಪುಸ್ತಕವೂ ರಸೀದಿಯೂ ಅದೇ.

ಇಂದಿನ ಸಾಧನಗಳು ಬೇರೆ. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯಿಂದ ದೂರದ ಊರಿಗೆ ಹೋದ ಹಳೆಯ ವಿದ್ಯಾರ್ಥಿಯೂ ಕ್ಷಣಮಾತ್ರದಲ್ಲಿ ಹಣವನ್ನು ಸಲ್ಲಿಸಬಲ್ಲನು. ತೆರಿಗೆಯ ವಿನಾಯಿತಿಯುಳ್ಳ ದಾನಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಸರಕಾರಕ್ಕೊಪ್ಪಿಸಿ, ದಾನಿಗೆ 10ಬಿಇ ಪ್ರಮಾಣಪತ್ರವನ್ನು ಕೊಡುವ ನಿಯಮವು 2021-22ನೆಯ ಆರ್ಥಿಕ ವರ್ಷದಿಂದ ಬಂದಿತು. ಆದರೆ ಈ ಪತ್ರವು ಎಷ್ಟು ಹಣ ಬಂದಿತೆಂಬುದನ್ನು ಹೇಳುವುದೇ ಹೊರತು, ಅದರಿಂದ ಯಾವ ದೀಪವು ಉರಿಯಿತೆಂಬುದನ್ನು ಹೇಳದು. ದಾನಿಯ ನಂಬಿಕೆಯು ನಿಂತಿರುವುದಾದರೋ ಈ ಎರಡನೆಯ ಮಾತಿನಲ್ಲಿಯೇ.

ಆದುದರಿಂದ ಗಣಕಯಂತ್ರದ ದಾನಪಟ್ಟಿಯಲ್ಲಿ ಹೆಸರು, ಮೊತ್ತ, ತಿಥಿಗಳೊಡನೆ ದಾನದ ಉದ್ದೇಶವನ್ನೂ ಸಂದರ್ಭವನ್ನೂ ಬರೆದಿಡತಕ್ಕುದು. ಮಗಳ ಮದುವೆಯ ನೆನಪಿಗಾಗಿ ಗ್ರಂಥಾಲಯಕ್ಕೆ ಕೊಟ್ಟವರಿಗೆ ಮರುವರ್ಷ ಅದೇ ದಿನ, ಆ ಹಣದಿಂದ ಕೊಂಡ ಪುಸ್ತಕಗಳ ಪಟ್ಟಿಯು ತಲುಪಿದರೆ, ಮತ್ತೆ ಬೇಡುವ ಪ್ರಸಂಗವೇ ವಿರಳವಾದೀತು. ಒಂದು ಎಚ್ಚರಿಕೆ ಮಾತ್ರ ಅವಶ್ಯ: ಕಲ್ಲಿನ ಮೇಲಿನ ಹೆಸರು ಕೀರ್ತಿಗಾಗಿ ಬರೆದದ್ದು, ದೂರವಾಣಿಯ ಸಂಖ್ಯೆಯು ನಂಬಿ ಒಪ್ಪಿಸಿದ ನ್ಯಾಸ. ಅದನ್ನು ಪರರಿಗೆ ಕೊಡಲಾಗದು.

ಸಾಧನವು ಶಿಲೆಯಿಂದ ಯಂತ್ರಕ್ಕೆ ಬಂದಿದೆ. ಕೊಟ್ಟವನಿಗೆ ಲೆಕ್ಕವನ್ನೊಪ್ಪಿಸುವ ಧರ್ಮವು ಮಾತ್ರ ಸಾಲೋಟಗಿಯ ಕಂಬದಷ್ಟೇ ಹಳೆಯದು.