ಕೊಚ್ಚಿಯ ಬಣ್ಣದ ಮಾಡುಗಳು: ಸೂರಿನಡಿ ಬಗ್ಗಿ ನೋಡಿ

ಕೊಚ್ಚಿ ಮೆಟ್ರೊ ಕಂಬಗಳ ಮೇಲೆ ಓಡುವುದರಿಂದ ಆಲುವಾದಿಂದ ತೃಪ್ಪೂಣಿತುರದವರೆಗೆ ಊರಿನ ನೆತ್ತಿ ಚೆನ್ನಾಗಿ ಕಾಣುತ್ತದೆ. ಸಾಲುಸಾಲು ಆರ್‌ಸಿಸಿ ಮನೆಗಳು. ತಾರಸಿಯ ಮೇಲೆ ಕಬ್ಬಿಣದ ಪೈಪಿನ ಟ್ರಸ್ಸು, ಅದರ ಮೇಲೆ ಕೆಂಪು, ನೀಲಿ, ಹಸಿರು ಶೀಟು. ಜೂನಿನಲ್ಲಿ ಎಡವಪ್ಪಾದಿ, ಅಕ್ಟೋಬರಿನಲ್ಲಿ ತುಲಾವರ್ಷ, ಹೀಗೆ ಎರಡು ಮಳೆಗಾಲ ಕಾಣುವ ನಾಡಿನಲ್ಲಿ ಸಪಾಟು ತಾರಸಿ ಸೋರದೆ ಉಳಿಯುವುದು ಕಷ್ಟ. ಶೀಟು ಹೊದಿಸಿದರೆ ಸೋರಿಕೆ ನಿಂತೀತು, ಕೆಳಗಿನ ಕೋಣೆಯ ಸೆಕೆ ತುಸು ತಗ್ಗೀತು, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಜಾಗವೂ ಸಿಕ್ಕೀತು.

ಕೊಚ್ಚಿಗೆ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ತಿರುವನಂತಪುರಕ್ಕೆ 1,800ರ ಆಸುಪಾಸು. ಇಷ್ಟು ಮಳೆಗೆ ತಗಡು ಎಷ್ಟು ವರ್ಷ ಬಾಳೀತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಎರಡೂ ಊರುಗಳ ಮಾಡುಗಳನ್ನು ಹತ್ತಿರದಿಂದ ನೋಡಿದರೆ ಬೇರೊಂದು ಸಂಗತಿ ತಿಳಿಯುತ್ತದೆ. ಮಳೆ ಬಿದ್ದ ಜಾಗಕ್ಕಿಂತ ಮಳೆ ತಾಗದ ಜಾಗದಲ್ಲೇ ತುಕ್ಕು ಬೇಗ ಹಿಡಿಯುತ್ತದೆ.

ಮಟ್ಟಂಚೇರಿಯ ಬಜಾರ್ ರಸ್ತೆ

ಫೋರ್ಟ್ ಕೊಚ್ಚಿಯ ಚೀನಾ ಬಲೆಗಳಿಂದ ಮಟ್ಟಂಚೇರಿಯ ಕಡೆಗೆ ನಡೆದರೆ ಬಜಾರ್ ರಸ್ತೆಯ ಹಳೆಯ ಗೋದಾಮುಗಳು ಸಿಗುತ್ತವೆ. ಮೆಣಸು, ಶುಂಠಿ, ಅಕ್ಕಿ ತುಂಬಿದ್ದ ಈ ಕಟ್ಟಡಗಳ ಮೇಲೆ ಈಗಲೂ ಮಂಗಳೂರು ಹಂಚು ಇದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಉದ್ಯಮ ಪಶ್ಚಿಮ ಕರಾವಳಿಯ ಮಾಡುಗಳ ಚಹರೆಯನ್ನೇ ಬದಲಿಸಿತು. ಸುಟ್ಟ ಮಣ್ಣಿಗೆ ಉಪ್ಪುಗಾಳಿಯ ಭಯವಿಲ್ಲ. ಪಾಚಿ ಕಟ್ಟುತ್ತದೆ, ಒಡೆದರೆ ಒಂದು ಹಂಚು ಬದಲಿಸಿದರಾಯಿತು. ಆದರೆ ಹಂಚಿನಡಿಯ ಮರ, ಅದನ್ನು ದುರಸ್ತಿ ಮಾಡುವ ಕೆಲಸಗಾರರು ಎರಡೂ ದುಬಾರಿಯಾಗಿರುವುದರಿಂದ ನಡುನಡುವೆ ಶೀಟು ಬಂದಿದೆ. ಹಂಚಿನ ಆಕಾರಕ್ಕೆ ಒತ್ತಿದ ಕೆಂಪು ಶೀಟೂ ಇದೆ. ದೂರದಿಂದ ನೋಡಿದವರಿಗೆ ಅದು ಹಂಚೇ.

ಅಂಥದೊಂದು ಮಾಡಿನ ಮೇಲ್ಮೈಗೆ ಅಂಗೈ ಉಜ್ಜಿ ನೋಡಿದೆ. ಕೈಗೆ ತೆಳು ಗುಲಾಬಿ ಪುಡಿ ಅಂಟಿತು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಪೇಂಟಿನ ರಾಳ ಒಡೆದು ಬಣ್ಣದ ಕಣಗಳು ಸಡಿಲವಾಗಿವೆ. ನೋಡಲು ಮಾಸಿದ್ದರೂ ಅಲ್ಲಿ ತುಕ್ಕಿರಲಿಲ್ಲ. ಅದೇ ಶೀಟಿನ ಸೂರಿನಂಚನ್ನು ಕೆಳಗಿನಿಂದ ನೋಡಿದರೆ ಚಿತ್ರವೇ ಬೇರೆ. ಕತ್ತರಿಸಿದ ಅಂಚಿನುದ್ದಕ್ಕೂ ಪೇಂಟು ಗುಳ್ಳೆಯೆದ್ದಿತ್ತು, ಸ್ಕ್ರೂ ಸುತ್ತ ಕಂದು ಉಂಗುರ ಮೂಡಿತ್ತು. ಮೇಲ್ಮೈಯ ಉಪ್ಪನ್ನು ಪ್ರತಿ ಮಳೆಯೂ ತೊಳೆಯುತ್ತದೆ. ಸೂರಿನಡಿ ಕೂತ ಉಪ್ಪನ್ನು ತೊಳೆಯುವವರಿಲ್ಲ. ಉಪ್ಪು ಗಾಳಿಯ ತೇವ ಹೀರಿಕೊಂಡು ಲೋಹವನ್ನು ಹಗಲೂ ರಾತ್ರಿ ಒದ್ದೆಯಾಗಿಡುತ್ತದೆ.

ಬಣ್ಣದಡಿ ಏನಿದೆ?

ಸಾಮಾನ್ಯ ಬಣ್ಣದ ಶೀಟಿನ ದಪ್ಪ ಅರ್ಧ ಮಿಲಿಮೀಟರಿನಷ್ಟು. ನಡುವೆ ಉಕ್ಕು. ಅದರ ಎರಡೂ ಬದಿಗೆ ಸತುವಿನ, ಇಲ್ಲವೇ ಅಲ್ಯೂಮಿನಿಯಂ ಮತ್ತು ಸತುವಿನ ಮಿಶ್ರಲೋಹದ ಲೇಪ. ಅದರ ಮೇಲೆ ಪ್ರೈಮರ್, ಕೊನೆಗೆ ಬಣ್ಣ. ಮೇಲ್ಬದಿಯ ಪೇಂಟು ಪ್ರೈಮರ್ ಸೇರಿ ಸುಮಾರು 25 ಮೈಕ್ರಾನ್, ತಲೆಗೂದಲಿಗಿಂತಲೂ ತೆಳು. ಕೆಳಬದಿಗೆ ಬಳಿಯುವುದು ಇನ್ನೂ ಕಡಿಮೆ. ಅಂದರೆ ಮಳೆ ತೊಳೆಯದ ಬದಿಗೇ ರಕ್ಷಣೆಯೂ ಕಮ್ಮಿ.

ಉಕ್ಕನ್ನು ಕಾಯುವುದು ಒಳಗಿನ ಲೋಹದ ಲೇಪ. ಗೀರು ಬಿದ್ದಲ್ಲಿ ಸತುವು ತಾನು ಸವೆದು ಉಕ್ಕನ್ನು ಉಳಿಸುತ್ತದೆ. 1972ರಲ್ಲಿ ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಮಾರುಕಟ್ಟೆಗೆ ತಂದ ಗ್ಯಾಲ್ವಲ್ಯೂಮ್‌ನ ಲೇಪದಲ್ಲಿ 55 ಶೇಕಡಾ ಅಲ್ಯೂಮಿನಿಯಂ, 43.4 ಶೇಕಡಾ ಸತುವು, 1.6 ಶೇಕಡಾ ಸಿಲಿಕಾನ್ ಇತ್ತು. ಚದರ ಮೀಟರಿಗೆ ಎರಡೂ ಬದಿ ಸೇರಿ 150 ಗ್ರಾಂ ಇಂಥ ಲೇಪವಿದ್ದರೆ ಅದನ್ನು ಎಝಡ್ 150 ಎನ್ನುತ್ತಾರೆ. ಪ್ರತಿ ಬದಿಗೆ ಸುಮಾರು 20 ಮೈಕ್ರಾನ್ ಸಿಗುತ್ತದೆ.

ಅಂತಾರಾಷ್ಟ್ರೀಯ ಮಾನದಂಡ ಐಎಸ್ಒ 9223 ಗಾಳಿಯ ತುಕ್ಕುಗುಣವನ್ನು ದರ್ಜೆಗಳಾಗಿ ವಿಂಗಡಿಸಿದೆ. ಅತಿ ಕಠಿಣವಾದ ಸಿ5 ವಾತಾವರಣದಲ್ಲಿ ಬರಿಯ ಸತುವು ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ಹಾಗಾದರೆ ಪೇಂಟಿಲ್ಲದ 20 ಮೈಕ್ರಾನ್ ಸತುವು ಕಡಲಂಚಿನಲ್ಲಿ ಐದು ವರ್ಷವೂ ಬಾಳಲಿಕ್ಕಿಲ್ಲ. ಪೇಂಟು ಇರುವುದು ಈ ಸವಕಳಿಯನ್ನು ಮುಂದೂಡಲು. ಸಾಧಾರಣ ಪಾಲಿಯೆಸ್ಟರ್‌ಗಿಂತ ಸಿಲಿಕೋನ್ ಬೆರೆತದ್ದು ಮೇಲು. ಪಿವಿಡಿಎಫ್ ಎಂಬ ರಾಳದ ಪೇಂಟು ಬಿಸಿಲಿಗೆ ಎಲ್ಲಕ್ಕಿಂತ ಗಟ್ಟಿ, ಬೆಲೆಯೂ ಹಾಗೆಯೇ. ಬಣ್ಣದಲ್ಲೂ ವ್ಯತ್ಯಾಸವಿದೆ: ಹೊಳೆಯುವ ಕೆಂಪು ಬೇಗ ಮಾಸುತ್ತದೆ, ಕಬ್ಬಿಣದ ಆಕ್ಸೈಡಿನ ಇಟ್ಟಿಗೆ ಬಣ್ಣ ನಿಲ್ಲುತ್ತದೆ.

ಕೋಟೆಯ ಬದಿಯ ತಿರುವನಂತಪುರ

ತಿರುವನಂತಪುರದ ಗುಡ್ಡಗಳ ಮೇಲೆ ಕಡಲಿನ ಉಪ್ಪು ಅಷ್ಟು ಕಾಡುವುದಿಲ್ಲ. ಶಂಖುಮುಖ, ವಿಳಿಂಞಂ ಕಡೆ ಇಳಿದರೆ ಮತ್ತೆ ಅದೇ ಕಥೆ, ಜೊತೆಗೆ ಗಾಳಿ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಹಾದುಹೋದದ್ದು ಈ ಕರಾವಳಿಯ ಪಕ್ಕದಲ್ಲೇ. ಅಂಥ ಗಾಳಿಗೆ ಶೀಟು ಏಳುವುದು ಸ್ಕ್ರೂ ಸುತ್ತ ತುಕ್ಕು ತಿಂದಲ್ಲಿಂದ.

ಪದ್ಮನಾಭಸ್ವಾಮಿ ದೇವಸ್ಥಾನದ ಪಕ್ಕದ ಕುದಿರಮಾಳಿಗೆ ಅರಮನೆಯಲ್ಲಿ ಹಂಚಿನ ಮಾಡಿನ ಸೂರನ್ನು ಹೊತ್ತಿರುವುದು 122 ಮರದ ಕುದುರೆಗಳು. ಪ್ರವಾಸಿಗರು ಕುದುರೆ ಎಣಿಸುತ್ತಾರೆ. ಮನೆ ಕಟ್ಟುವವರು ಇಳಿಜಾರು ನೋಡಬೇಕು. 1880ರಲ್ಲಿ ರಾಬರ್ಟ್ ಚಿಶೋಮ್ ಮುಗಿಸಿದ ನೇಪಿಯರ್ ಮ್ಯೂಸಿಯಂನ ಮಾಡೂ ಹೀಗೆಯೇ ಕಡಿದಾಗಿದೆ. ನೀರು ನಿಲ್ಲದು, ಎಲೆ ಕೂರದು. ಈಗಿನ ಎಷ್ಟೋ ಟ್ರಸ್ಸುಗಳು ಇಷ್ಟು ಇಳಿಜಾರಿಲ್ಲದೆ, ತೆಂಗಿನ ಗರಿಯ ಕಸ ತುಂಬಿಕೊಂಡು ಕೂತಿರುತ್ತವೆ. ಒದ್ದೆ ಕಸದಡಿ ಯಾವ ಪೇಂಟೂ ಬಾಳದು.

ದಿವಾನ ರಾಜಾ ಕೇಶವದಾಸರ ಕಾಲದಿಂದ ಬಂದ ಚಾಲ ಮಾರುಕಟ್ಟೆ ಇಲ್ಲಿಗೆ ಹತ್ತಿರ. ಆ ಬೀದಿಗಳಿಂದ ಹೊರಬಂದಾಗ ಒಂದು ಮನೆಯ ಮೇಲೆ ಕೆಲಸ ನಡೆದಿತ್ತು. ಹುಡುಗನೊಬ್ಬ ಗ್ರೈಂಡರಿನಲ್ಲಿ ಹೊಸ ಶೀಟು ಕತ್ತರಿಸುತ್ತಿದ್ದ. ಹಾರಿದ ಕಿಡಿಗಳು ಪಕ್ಕದ ಶೀಟಿನ ಮೇಲೆ ಬೀಳುತ್ತಿದ್ದವು. ಕಾದ ಕಬ್ಬಿಣದ ಆ ಕಣ ಪೇಂಟಿನಲ್ಲಿ ನಾಟಿ, ಮೊದಲ ಮಳೆಗೇ ಕಂದು ಚುಕ್ಕೆಯಾಗುತ್ತದೆ. ಆಮೇಲೆ ದೂರು ಹೋಗುವುದು ಶೀಟಿನ ಕಂಪನಿಗೆ. ಕತ್ತರಿಯಿಂದಲೋ ತಗಡು ಕತ್ತರಿಸುವ ನಿಬ್ಲರ್ ಯಂತ್ರದಿಂದಲೋ ಕತ್ತರಿಸಿ, ಡ್ರಿಲ್ ಚೂರುಗಳನ್ನು ಅದೇ ಸಂಜೆ ಗುಡಿಸಿದರೆ ಈ ತೊಂದರೆಯೇ ಇಲ್ಲ.

ಕೊಳ್ಳುವ ಮುನ್ನ

ಮಂಗಳೂರು, ಉಡುಪಿ, ಕಾರವಾರಗಳ ಗಾಳಿಯೂ ಇದೇ ಅರಬ್ಬೀ ಸಮುದ್ರದ್ದು. ಅಂಗಡಿಯಲ್ಲಿ ಬಣ್ಣದ ಕಾರ್ಡು ನೋಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಹೇಳುತ್ತಿರುವ ದಪ್ಪ ಬರಿ ಉಕ್ಕಿನದೋ, ಪೇಂಟೂ ಸೇರಿದ್ದೋ? ಲೇಪ ಚದರ ಮೀಟರಿಗೆ ಎಷ್ಟು ಗ್ರಾಂ? ಮೇಲಿನ ಪೇಂಟು ಯಾವುದು? ವಾರಂಟಿ ಕಡಲಿನಿಂದ ಎಷ್ಟು ದೂರಕ್ಕೆ ಅನ್ವಯ? ಬಿಲ್ಲಿನಲ್ಲಿ ಇವನ್ನು ಬರೆಸಿಕೊಳ್ಳಿ. ಹಾಕಿಸಿದ ಮೇಲೆ ಆರು ತಿಂಗಳಿಗೊಮ್ಮೆ, ಕಡಲಂಚಿನಲ್ಲಾದರೆ ಇನ್ನೂ ಬೇಗ ಬೇಗ, ಪೈಪು ಹಿಡಿದು ಸೂರಿನಡಿಗೆ ಸಿಹಿನೀರು ಬಿಡಿ. ಮೇಲ್ಭಾಗವನ್ನು ಮಳೆ ತೊಳೆಯುತ್ತದೆ, ಕೆಳಭಾಗವನ್ನು ಮನೆಯವರೇ ತೊಳೆಯಬೇಕು.